ನಾಲ್ಕನೇ ನಂಬರಿನ ಹುಡುಗಿ

ಎರಡು ಸಾವಿರದ ಐದನೇ ಇಸವಿಯಲ್ಲಿ ಕಲಬುರಗಿಯ ಸ್ಟೇಷನ್ ರಸ್ತೆಯ ಒಂದು ಮಾಳಿಗೆಯ ಮೇಲೆ ಪಾಂಡುರಂಗರಾಯರ ಕಂಪ್ಯೂಟರ್ ಆಫೀಸಿತ್ತು. ಐದು ಕಂಪ್ಯೂಟರು, ಒಂದು ಸರ್ವರು, ಮೂರು ಮಂದಿ ಕೆಲಸಗಾರರು. ಆ ಮೂವರಲ್ಲಿ ವೆಬ್‌ಸೈಟು ಬರೆಯುವ ಜಾವಾ ಭಾಷೆ ಚೆನ್ನಾಗಿ ಬಲ್ಲವನು ಜಯತೀರ್ಥ. ಬ್ರಹ್ಮಪುರದವನು, ಇಪ್ಪತ್ತೇಳರ ವಯಸ್ಸು, ತಾಯಿ ಸರಸ್ವತೀಬಾಯಿಯೊಡನೆ ಇರುತ್ತಿದ್ದ. ವೆಬ್‌ಸೈಟು ಎಲ್ಲಿ ನಿಂತರೂ ಅವನನ್ನೇ ಕರೆಯುತ್ತಿದ್ದರು. ಸರ್ವರು ಏಳುತ್ತಿಲ್ಲವೆಂದರೆ ಅದರ ಬಾಗಿಲಿನಂಥ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಮು ಹಿಡಿದು ಕೂತಿದೆ ಎಂದು ನೋಡದೆಯೇ ಹೇಳುತ್ತಿದ್ದ. ತಿದ್ದಿದ ಪುಟ ತಿದ್ದಿದ ಹಾಗೆ ಕಾಣುತ್ತಿಲ್ಲವೆಂದರೆ ಹಳೆಯ ಪ್ರತಿಯನ್ನು ಅಳಿಸಿ ಮತ್ತೆ ಶುರುಮಾಡಿ ಎನ್ನುತ್ತಿದ್ದ. ಹೆಚ್ಚಿನ ಸಲ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಅದರಿಂದ ಅವನಿಗೆ ತನ್ನ ಮೇಲೆ ಬಹಳ ನಂಬಿಕೆ ಬಂದಿತ್ತು.

ಊರ ಹೊರಗಿನ ಒಂದು ಟ್ರಸ್ಟು ಹುಡುಗಿಯರಿಗಾಗಿ ನರ್ಸಿಂಗ್ ಶಾಲೆ ನಡೆಸುತ್ತಿತ್ತು. ನಲವತ್ತು ಸೀಟು, ಊಟ ವಸತಿ ಎಲ್ಲ ಪುಕ್ಕಟೆ. ಸುತ್ತಲಿನ ತಾಲೂಕುಗಳಿಂದ ಆರುನೂರು ಹುಡುಗಿಯರು ಪ್ರವೇಶ ಪರೀಕ್ಷೆ ಬರೆಯುತ್ತಿದ್ದರು. ಆ ವರ್ಷ ಅರ್ಜಿಯನ್ನೂ ಫಲಿತಾಂಶವನ್ನೂ ಇಂಟರ್ನೆಟ್ಟಿನಲ್ಲೇ ಕೊಡಬೇಕೆಂದು ಟ್ರಸ್ಟಿನವರಿಗೆ ಅನಿಸಿ ಆ ಕೆಲಸ ಪಾಂಡುರಂಗರಾಯರಿಗೆ ಬಂತು. ಜಯತೀರ್ಥ ಎರಡು ತಿಂಗಳು ಕೂತು ಬರೆದ. ನಂಬರು ಹಾಕಿ ಗುಂಡಿ ಒತ್ತಿದರೆ ‘ಆಯ್ಕೆಯಾಗಿದ್ದೀರಿ’ ಅಥವಾ ‘ಆಯ್ಕೆಯಾಗಿಲ್ಲ’ ಎಂದು ಬರುತ್ತಿತ್ತು. ಕೊನೆಯ ವಾರದಲ್ಲಿ ಟ್ರಸ್ಟಿನವರು ಹುಡುಗಿಯ ಹೆಸರೂ ಕಾಣಬೇಕು ಎಂದರು. ಅದನ್ನೂ ಅವಸರದಲ್ಲಿ ಸೇರಿಸಿದ. ಜೂನ್ ಇಪ್ಪತ್ತೇಳರಂದು ಮುಂಜಾನೆ ಹನ್ನೊಂದಕ್ಕೆ ಫಲಿತಾಂಶ ಬಿಟ್ಟರು. ಯಾವ ತೊಂದರೆಯೂ ಆಗಲಿಲ್ಲ. ಪಾಂಡುರಂಗರಾಯರು ಎಲ್ಲರಿಗೂ ಪೇಢೆ ತರಿಸಿದರು.

ಜುಲೈ ಮೊದಲ ವಾರ ಶಾಲೆಯಲ್ಲಿ ಮೂರು ದಿನ ಸೀಟು ಹಂಚುವ ಕೆಲಸ ನಡೆಯಿತು. ಮೊದಲನೆಯ ದಿನ ಮಧ್ಯಾಹ್ನ ಒಬ್ಬ ಹುಡುಗಿಯೂ ಅವಳ ತಂದೆಯೂ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ತಂದೆ ಕರೀಂಸಾಬ್ ಕೋಟೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟವನು. ಹುಡುಗಿ ಜಾಹೇದಾ. ಅವಳ ಕೈಯಲ್ಲಿ ಒಂದು ಪ್ರಿಂಟಿತ್ತು. ಜಾಹೇದಾ ಬೇಗಂ, ಆಯ್ಕೆಯಾಗಿದ್ದೀರಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಶಾಲೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕಂಪ್ಯೂಟರಿನವರನ್ನೇ ಕೇಳಿ ಎಂದು ಶಾಲೆಯವರು ಕಳಿಸಿದ್ದರು.

ಜಯತೀರ್ಥ ಅವಳ ನಂಬರು ಹಾಕಿ ಗುಂಡಿ ಒತ್ತಿದ. ಆಯ್ಕೆಯಾಗಿಲ್ಲ ಎಂದು ಬಂತು. ಐದು ಸಲ ಹಾಕಿದ, ಐದೂ ಸಲ ಅದೇ. ಅವಳದು ಅರವತ್ತೊಂದನೆಯ ಸ್ಥಾನ.

“ಇದು ನಮ್ಮ ಸರ್ವರಿಂದ ಬಂದದ್ದಲ್ಲ,” ಎಂದ ಜಯತೀರ್ಥ. “ಯಾರೋ ಅಕ್ಷರ ತಿದ್ದಿ ಪ್ರಿಂಟ್ ತಗದಾರ. ವರ್ಡಿನಾಗ ಎರಡು ನಿಮಿಷದ ಕೆಲಸ ಅದು.”

“ಯಾರೂ ತಿದ್ದಿಲ್ರಿ,” ಎಂದಳು ಜಾಹೇದಾ. “ನಾನೇ ನಂಬರ್ ಹೊಡದೆ, ನಾನೇ ಪ್ರಿಂಟ್ ತಗಿಸಿದೆ. ನಾ ಕಂಡದ್ದು ಹೇಳಾಕತ್ತೀನಿ.”

ಪಾಂಡುರಂಗರಾಯರು ಕುರ್ಚಿಯಿಂದ ಎದ್ದು ಬಂದರು. “ನಕಲಿ ಕಾಗದ ತಂದು ಸೀಟು ಕೇಳೂದು ಅಂದ್ರ ಪೊಲೀಸ್ ಕೇಸ್ ಆಗ್ತದ, ಗೊತ್ತದೇನು?”

ಕರೀಂಸಾಬ್ ಮಗಳ ಕೈಯಿಂದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಎರಡೂ ಕೈ ಜೋಡಿಸಿದ. “ಮಾಫ್ ಮಾಡ್ರಿ ಸಾಹೇಬ್ರ. ಸಣ್ಣ ಹುಡುಗಿ ಅದ. ತಿಳೀಲಿಲ್ಲ.”

ಹುಡುಗಿ ತಂದೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಹೋದಳು.

ಡಿಸೆಂಬರಿನಲ್ಲಿ ಒಂದು ಖಾಸಗಿ ಶಾಲೆಯ ಪ್ರತಿಭಾ ಪರೀಕ್ಷೆಯ ಫಲಿತಾಂಶಕ್ಕಾಗಿ ಜಯತೀರ್ಥ ಅದೇ ಹಳೆಯ ಕೋಡನ್ನು ಎತ್ತಿ ಹಾಕಿದ್ದ. ಬಿಡುವ ಮೊದಲು ಪರೀಕ್ಷಿಸಲೆಂದು ಅವನೊಂದು ಕಂಪ್ಯೂಟರಿನ ಮುಂದೆ, ಜೊತೆಯ ಶಬ್ಬೀರ್ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ನಂಬರು ಹಾಕುತ್ತಿದ್ದರು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದ್ದು ಆಕಸ್ಮಿಕ.

“ಜಯಾ, ಈ ಹುಡುಗ ಫೇಲ್ ಅಲ್ಲೇನು? ಇಲ್ಲಿ ಪಾಸ್ ಅಂತ ತೋರಸಾಕತ್ತದ,” ಎಂದ ಶಬ್ಬೀರ್. ಮತ್ತೊಮ್ಮೆ ಒತ್ತಿದ. “ಹಾಂ, ಈಗ ಸರಿ ಆತು. ನೆಟ್ ಸ್ಲೋ ಅದ, ಅದಕ್ಕ ಹಂಗಾಗಿರಬೇಕು.”

ಜಯತೀರ್ಥ ಕೋಡು ತೆರೆದು ನೋಡಿದ. ಹುಡುಕಬೇಕಾಗಿಯೂ ಇರಲಿಲ್ಲ. ಫಲಿತಾಂಶವನ್ನು ಹಿಡಿದಿಡುವ ವೇರಿಯೇಬಲ್ಲನ್ನು ಅವನು ಪ್ರೋಗ್ರಾಮಿನ ಮೇಲ್ಭಾಗದಲ್ಲಿ, ಎಲ್ಲರಿಗೂ ಒಂದೇ ಆಗುವಂತೆ ಬರೆದಿದ್ದ. ಅದು ಇರಬೇಕಾಗಿದ್ದದ್ದು ಒಳಗೆ, ಒಬ್ಬೊಬ್ಬರ ಪ್ರಶ್ನೆಗೂ ಬೇರೆ ಬೇರೆಯಾಗಿ. ಸರ್ವರಿನಲ್ಲಿ ಆ ಪ್ರೋಗ್ರಾಮಿನ ಪ್ರತಿ ಒಂದೇ ಇರುತ್ತದೆ, ಎಷ್ಟು ಮಂದಿ ಕೇಳಿದರೂ ಅದೊಂದೇ ಎಲ್ಲರಿಗೂ ಉತ್ತರ ಕೊಡುತ್ತದೆ. ಒಬ್ಬ ಹುಡುಗಿಯ ಫಲಿತಾಂಶ ಬರೆದುಕೊಂಡು ಪುಟ ತಯಾರಿಸುವಷ್ಟರಲ್ಲಿ ಇನ್ನೊಬ್ಬಳು ಗುಂಡಿ ಒತ್ತಿದರೆ ಅದೇ ಜಾಗದಲ್ಲಿ ಅವಳದು ಬಂದು ಕೂರುತ್ತದೆ. ಮೊದಲಿನವಳಿಗೆ ಎರಡನೆಯವಳ ಫಲಿತಾಂಶ ಹೋಗುತ್ತದೆ. ಕೊನೆಯ ವಾರ ಸೇರಿಸಿದ ಹೆಸರನ್ನು ಮಾತ್ರ ಅವನು ಸರಿಯಾದ ಜಾಗದಲ್ಲಿ ಬರೆದಿದ್ದ. ಆದ್ದರಿಂದ ಹೆಸರು ತನ್ನದೇ ಇರುತ್ತದೆ, ಕೆಳಗಿನ ಮಾತು ಮತ್ತೊಬ್ಬರದು.

ಒಂದು ಸಾಲನ್ನು ಕತ್ತರಿಸಿ ಹತ್ತು ಸಾಲು ಕೆಳಗೆ ಅಂಟಿಸಿದ. ದೋಷ ಹೋಯಿತು. ಇಬ್ಬರೂ ಮೂವತ್ತು ಸಲ ಒಟ್ಟಿಗೆ ಒತ್ತಿ ನೋಡಿದರು, ಒಮ್ಮೆಯೂ ತಪ್ಪಲಿಲ್ಲ. ಶಬ್ಬೀರ್ ಚಹಾ ಕುಡಿಯೋಣ ಬಾ ಎಂದು ಕರೆದರೆ ಜಯತೀರ್ಥ ಏಳಲಿಲ್ಲ. ಜೂನ್ ತಿಂಗಳ ಲಾಗ್ ಫೈಲು ಸರ್ವರಿನಲ್ಲಿ ಹಾಗೇ ಬಿದ್ದಿತ್ತು. ಯಾರು ಯಾವ ನಂಬರನ್ನು ಯಾವ ಸೆಕೆಂಡಿನಲ್ಲಿ ಕೇಳಿದರು ಎಂದು ಸರ್ವರು ತಾನಾಗಿಯೇ ಬರೆದುಕೊಳ್ಳುವ ಫೈಲು ಅದು. ಜಾಹೇದಾಳ ನಂಬರು ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ ಮೂವತ್ತೆರಡು ಸೆಕೆಂಡಿಗೆ ಬಂದಿತ್ತು. ಅದೇ ಸೆಕೆಂಡಿಗೆ ಮತ್ತೊಂದು ನಂಬರು, ಹತ್ತೊಂಬತ್ತನೆಯ ಸ್ಥಾನದಲ್ಲಿ ಆಯ್ಕೆಯಾದವಳದು.

ಹುಡುಗಿ ಸತ್ಯ ಹೇಳಿದ್ದಳು.

ಅವನು ಮರುದಿನ ಕೋಟೆಯ ಹಿಂಭಾಗದ ಓಣಿಯಲ್ಲಿ ಕೇಳುತ್ತ ಕೇಳುತ್ತ ಕರೀಂಸಾಬನ ಮನೆ ಹುಡುಕಿದ. ಕರೀಂಸಾಬ್ ಅಂಗಡಿಗೆ ಹೋಗಿದ್ದ. ಜಾಹೇದಾ ಬಾಗಿಲಿನ ಒಳಗೆ ನಿಂತು ಕೇಳಿಸಿಕೊಂಡಳು. ತಾಯಿ ಅವಳ ಹಿಂದೆ ನಿಂತಿದ್ದಳು. ಜಯತೀರ್ಥ ಏನಾಯಿತೆಂದು ತಿಳಿಸಿ ಹೇಳಿದ. “ಇಡೀ ಸಾಲಿಗೆ ಒಂದೇ ಪಾಟಿ ಕೊಟ್ಟಂಗ ಆಗಿತ್ತು ನೋಡ್ರಿ. ನಿಮ್ಮ ಉತ್ತರ ಬರದು ತೋರಸೂದ್ರಾಗ ಇನ್ನೊಬ್ಬರು ಅದನ್ನ ಅಳಿಸಿ ಅವರದು ಬರದಿದ್ರು. ತಪ್ಪು ನಂದು. ಅವತ್ತ ನಿಮ್ಮನ್ನ ಸುಳ್ಳುಗಾರ್ತಿ ಅಂದೆ. ಕ್ಷಮಾ ಕೇಳಾಕ ಬಂದೀನಿ.”

“ನಮ್ಮ ಅಬ್ಬಾ ಅವತ್ತಿಂದ ನನ್ನ ಕೂಡ ಆ ಮಾತು ತಗದಿಲ್ಲ,” ಎಂದಳು ಜಾಹೇದಾ. “ನಂಬ್ಯಾರೋ ಇಲ್ಲೋ, ನನಗ ಗೊತ್ತಿಲ್ಲ. ನೀವು ಅಂಗಡಿಗೆ ಹೋಗಿ ಅವರ ಮುಂದನೂ ಇದನ್ನ ಹೇಳ್ರಿ.”

“ಹೇಳ್ತೀನಿ.”

ಅವನು ತಿರುಗಿ ಎರಡು ಹೆಜ್ಜೆ ಇಟ್ಟಾಗ ಅವಳು ಕರೆದಳು. “ಸರ್, ನನಗ ಸೀಟು ಇರಲಿಲ್ಲ, ಸಿಕ್ತು ಅಂತ ತೋರಿಸ್ತು. ಒಂದು ವಾರ ಖುಷಿಪಟ್ಟೆ, ಹೋತು. ಸೀಟು ಸಿಕ್ಕಾಕಿಗೆ ಇಲ್ಲ ಅಂತ ತೋರಿಸಿದ್ರ? ಅಂಥಾಕಿ ಯಾರಾರ ಇದ್ರ ಆಕಿ ಶಾಲಿ ತನಕ ಬಂದಿರಂಗಿಲ್ಲ. ಜಗಳ ಮಾಡಾಕನೂ ಬಂದಿರಂಗಿಲ್ಲ.”

ಅದು ಅವನಿಗೆ ಹೊಳೆದಿರಲಿಲ್ಲ. ಕರೀಂಸಾಬನ ಅಂಗಡಿಯಲ್ಲಿ ಮತ್ತೊಮ್ಮೆ ಕ್ಷಮೆ ಕೇಳಿ ನೆಟ್ಟಗೆ ಆಫೀಸಿಗೆ ಬಂದ. ಒಂದೇ ಸೆಕೆಂಡಿನಲ್ಲಿ ಬಂದ ನಂಬರುಗಳ ಜೋಡಿ ಒಟ್ಟು ಒಂಬತ್ತು ಇದ್ದವು. ಅವುಗಳಲ್ಲಿ ಆರು ಜೋಡಿಯಲ್ಲಿ ಇಬ್ಬರ ಫಲಿತಾಂಶವೂ ಒಂದೇ ಆಗಿದ್ದರಿಂದ ಏನೂ ಕೆಟ್ಟಿರಲಿಲ್ಲ. ಒಂದು ಜಾಹೇದಾಳದು. ಇನ್ನೊಬ್ಬಳು ಅದೇ ದಿನ ನಾಲ್ಕು ಸಲ ನೋಡಿದ್ದಳು, ಸೀಟನ್ನೂ ಪಡೆದಿದ್ದಳು. ಉಳಿದದ್ದು ಒಂದೇ ಹೆಸರು: ಶಿವಕಾಂತಮ್ಮ, ತಂದೆ ಅಣವೀರಪ್ಪ, ಕಮಲಾಪುರ. ನಾಲ್ಕನೆಯ ಸ್ಥಾನ. ಅವಳು ನಂಬರು ಹಾಕಿದ್ದು ಒಂದೇ ಒಂದು ಸಲ. ಮೂರು ದಿನ ಕಾದು ಅವಳ ಸೀಟನ್ನು ಮುಂದಿನವರಿಗೆ ಕೊಟ್ಟಿದ್ದರು.

ಜಾಹೇದಾ ಆಫೀಸಿಗೆ ಬಂದಿದ್ದು ಆ ಮೂರು ದಿನಗಳ ಮೊದಲನೆಯ ದಿನ. ಅವತ್ತೇ ಅವಳ ಮಾತು ನಂಬಿ ಲಾಗ್ ತೆರೆದು ನೋಡಿದ್ದರೆ ಇನ್ನೆರಡು ದಿನ ಉಳಿದಿದ್ದವು. ಇದನ್ನು ಲೆಕ್ಕ ಹಾಕಿದ ಮೇಲೆ ಜಯತೀರ್ಥನಿಗೆ ಕೂರಲಾಗಲಿಲ್ಲ.

ಅವನು ಹೇಳಿದ್ದನ್ನು ಪಾಂಡುರಂಗರಾಯರು ಬಾಗಿಲು ಮುಂದೆ ಮಾಡಿಕೊಂಡು ಕೇಳಿಸಿಕೊಂಡರು. “ಆರು ತಿಂಗಳಾತು. ಈಗ ಹೋಗಿ ಹೇಳಿದ್ರ ಯಾರಿಗೇನು ಬರ್ತದ? ದೋಷ ತಗದೀ ಅಲ್ಲ, ಸುಮ್ಮನಿರು.”

“ಅಕಿಗೆ ಗೊತ್ತಾಗಬೇಕ್ರಿ,” ಎಂದ ಜಯತೀರ್ಥ.

ಭಾನುವಾರ ಅವನು ಕಮಲಾಪುರದ ಬಸ್ಸು ಹತ್ತಿದ. ಶಿವಕಾಂತಮ್ಮಳ ಸ್ಥಾನ, ಅಂಕ ಬರೆದ ಒಂದು ಹಾಳೆಯನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದ. ಅಣವೀರಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಕೆಂಪು ಬಾಳೆಹಣ್ಣಿನ ಸಗಟು ವ್ಯಾಪಾರ ಮಾಡುತ್ತಿದ್ದ. ಐವತ್ತೈದರ ಮನುಷ್ಯ, ಹಣೆಗೆ ವಿಭೂತಿ, ಹೆಗಲಿಗೆ ಟವೆಲು. ಕಲಬುರಗಿಯಿಂದ ಬಂದಿದ್ದೇನೆ ಎಂದಾಗ ಗಿರಾಕಿಯೆಂದೇ ತಿಳಿದು ಕುರ್ಚಿ ಹಾಕಿದ. ನರ್ಸಿಂಗ್ ಶಾಲೆಯ ಮಾತು ತೆಗೆದಾಗ ಅವನ ಮುಖ ಗಟ್ಟಿಯಾಯಿತು.

“ಆ ಮಾತು ಮುಗದದ್ರಿ. ಅಕಿ ಲಗ್ನ ಆತು ಶ್ರಾವಣದಾಗ.”

ಆದರೂ ಜಯತೀರ್ಥ ಬಂದ ಕಾರಣವನ್ನು ಹೇಳಿದ. ಅಣವೀರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಕೇಳಿದ್ದು ಇಷ್ಟೇ. “ಇನ್ನೊಮ್ಮೆ ಒತ್ತಿದ್ರ ಸರಿ ತೋರಸ್ತಿತ್ತೇನ್ರಿ?”

“ಹೌದ್ರಿ.”

“ಇನ್ನೊಮ್ಮೆ ನೋಡೂಣ ಅಂದಳ್ರಿ ಅಕಿ. ಅಪ್ಪಾ, ಎಲ್ಲಾ ಬರದೀನಿ, ಇನ್ನೊಮ್ಮೆ ನೋಡೂಣ ಅಂದಳು. ನಾ ಕೈ ಹಿಡದು ಎಬ್ಬಿಸಿಕೊಂಡು ಬಂದೆ. ಎಷ್ಟು ಸಲ ನೋಡಿದ್ರೂ ಅಷ್ಟ, ಬರದೀನಿ ಬರದೀನಿ ಅಂತ ಇಷ್ಟು ದಿನ ಸುಳ್ಳ ಹೇಳಿದಿ ಅಂದೆ. ಇಂಟರ್ನೆಟ್ ಸೆಂಟರಿನಾಗ ಮಂದಿ ಇದ್ದರು. ಎಲ್ಲಾರ ಮುಂದ ಅಂದೆ.”

ಉಳಿದದ್ದನ್ನೂ ಅವನೇ ಹೇಳಿದ. ಹಿರಿಯ ಮಗಳು ಲಲಿತಾಬಾಯಿಯನ್ನು ಮಹಾಗಾಂವಕ್ಕೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಹೆರಿಗೆಯಾದ ಹದಿನೈದು ದಿನಕ್ಕೆ ಜ್ವರ ಬಂದು ತೀರಿಕೊಂಡಳು. ಹೆಣ್ಣುಕೂಸು ಉಳಿಯಿತು. ಕೂಸಿಗೆ ಚಿಕ್ಕವ್ವನಿಗಿಂತ ಒಳ್ಳೆಯ ತಾಯಿ ಎಲ್ಲಿ ಸಿಗುತ್ತಾಳೆ, ಶಿವಕಾಂತಾಳನ್ನು ಅಳಿಯ ದೌಲಪ್ಪನಿಗೇ ಕೊಡಿ ಎಂದು ಎರಡೂ ಕಡೆಯ ಹಿರಿಯರು ಹೇಳುತ್ತಿದ್ದರು. ಶಿವಕಾಂತಾ ಒಪ್ಪಿರಲಿಲ್ಲ. ಕಡೆಗೆ ಒಂದು ಮಾತು ಕೊಟ್ಟಿದ್ದಳು: ಸೀಟು ಸಿಕ್ಕರೆ ನನ್ನನ್ನು ಓದಲು ಬಿಡಿ, ಸಿಗದಿದ್ದರೆ ನೀವು ಹೇಳಿದಂತೆ ಕೇಳುತ್ತೇನೆ.

“ಮಾತಿನಂಗ ನಡಕೊಂಡಳ್ರಿ,” ಎಂದ ಅಣವೀರಪ್ಪ. “ಅಳಿಯ ಕೆಟ್ಟಾಂವಲ್ಲ. ದುಡೀತಾನ, ಕುಡಿಯಂಗಿಲ್ಲ. ಆದ್ರ ಅಕಿ ಅವತ್ತಿಂದ ನನ್ನ ಕೂಡ ಮಾತು ಬಿಟ್ಟಳು. ಬರ್ರಿ ಅಂತಾಳ, ಉಣ್ರಿ ಅಂತಾಳ. ಅಷ್ಟ.”

“ನಾನು ಹೋಗಿ ಅವರಿಗೆ ಹೇಳಲೇನ್ರಿ? ಬ್ಯಾಡ ಅಂದ್ರ ಇಲ್ಲಿಂದಲೇ ತಿರುಗಿ ಹೋಗ್ತೀನಿ.”

ಅಣವೀರಪ್ಪ ಎದ್ದು ಅಂಗಡಿಯ ಬಾಗಿಲೆಳೆದ. “ಅಂದಾಂವ ನಾನು. ನಾನ ಹೇಳ್ತೀನಿ. ನೀವು ಜೋಡಿ ಬರ್ರಿ, ಇಲ್ಲಾಂದ್ರ ಅಕಿ ನಂಬಂಗಿಲ್ಲ.”

ಇಬ್ಬರೂ ಟೆಂಪೋ ಹತ್ತಿ ಮಹಾಗಾಂವಕ್ಕೆ ಹೋದರು. ದೌಲಪ್ಪನ ಮನೆ ಊರ ಅಂಚಿನಲ್ಲಿತ್ತು. ಅಂಗಳದಲ್ಲಿ ತೊಗರಿ ಹರವಿತ್ತು. ಶಿವಕಾಂತಮ್ಮ ಮೊರದಲ್ಲಿ ತೊಗರಿ ಕೇರುತ್ತ ಕೂತಿದ್ದಳು. ಕೂಸು ಅವಳ ಬೆನ್ನಿಗೆ ಜೋತುಬಿದ್ದು ಆಡುತ್ತಿತ್ತು. ಹತ್ತೊಂಬತ್ತರ ಹುಡುಗಿ, ಜಯತೀರ್ಥ ಎಣಿಸಿದ್ದಕ್ಕಿಂತ ಸಣ್ಣಗೆ ಕಂಡಳು. ತಂದೆಯ ಜೊತೆ ಅಪರಿಚಿತನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. “ಬರ್ರಿ,” ಎಂದು ಕಂಬಳಿ ಹಾಸಿದಳು.

ಅಣವೀರಪ್ಪ ಕೂರಲಿಲ್ಲ. “ಯವ್ವಾ, ನೀ ಪಾಸಾಗಿದ್ದಿ,” ಎಂದ. ಮುಂದಿನದನ್ನು ಹೇಳಲಾಗದೆ ಜಯತೀರ್ಥನ ಕಡೆ ತಿರುಗಿದ. ಅದನ್ನು ಜಯತೀರ್ಥನೇ ಹೇಳಬೇಕಾಯಿತು. ಕಣ್ಣು ನೆಲಕ್ಕೆ ಹಾಕಿ, ಯಾರ ಮೇಲೂ ಹೊರಿಸದೆ, ತಾನು ಬರೆದ ಸಾಲು, ತಾನು ನಂಬದೆ ಹೋದ ದಿನ, ಎಲ್ಲವನ್ನೂ ಹೇಳಿದ.

ಅವಳು ಕೇಳುತ್ತ ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. “ಎಷ್ಟನೇ ನಂಬರ್ ಬಂದಿತ್ರಿ ನಂದು?”

“ನಾಲ್ಕನೇದ್ರಿ. ಆರುನೂರು ಮಂದ್ಯಾಗ.”

“ನಾಲ್ಕನೇದು,” ಎಂದಳು. ತಂದೆಯ ಕಡೆ ನೋಡದೆ, “ಬರದೀನಿ ಅಂತ ನಾ ಹೇಳಿದ್ದೆ,” ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಒಳಗಿನಿಂದ ಕೂಸು ಹೆದರಿ ಅಳುವುದು ಕೇಳಿಸಿತು, ಅದನ್ನು ಸುಮ್ಮನಿರಿಸುವ ದನಿ ಕೇಳಿಸಲಿಲ್ಲ. ಅಣವೀರಪ್ಪ ಹೊಸ್ತಿಲ ತನಕ ಹೋದ. ಒಳಗೆ ಕಾಲಿಡಲಾಗದೆ ಬಾಗಿಲ ಚೌಕಟ್ಟು ಹಿಡಿದು ನಿಂತ.

ಅವಳು ಹೊರಗೆ ಬಂದಾಗ ಮುಖ ತೊಳೆದಿದ್ದಳು. ಕಣ್ಣು ಕೆಂಪಾಗಿದ್ದವು. ಎರಡು ಕಪ್ ಚಹಾ ತಂದಿದ್ದಳು.

“ಸರ್, ಮುಂದಿನ ವರ್ಷ ಮತ್ತ ಅರ್ಜಿ ಹಾಕಬಹುದೇನ್ರಿ?”

ಜಯತೀರ್ಥನಿಗೆ ಉತ್ತರ ಗೊತ್ತಿತ್ತು. ಅರ್ಜಿಯಲ್ಲಿ ವಿವಾಹಿತೆ ಎಂದು ತುಂಬಿದರೆ ‘ನೀವು ಅರ್ಹರಲ್ಲ’ ಎಂದು ಬರುವಂತೆ ಮಾಡಿದವನು ಅವನೇ. ಆ ಭಾಗವನ್ನು ಮೂರು ಸಲ ಪರೀಕ್ಷಿಸಿದ್ದ. ಮೂರು ಸಲವೂ ಸರಿಯಾಗಿ ತಡೆದಿತ್ತು.

“ಲಗ್ನ ಆದವರನ್ನ ತಗೊಳ್ಳಂಗಿಲ್ರಿ ಅವರು,” ಎಂದ. “ನಾನು ಟ್ರಸ್ಟಿಗೆ ಬರದು ಕೇಳ್ತೀನಿ. ಆಗ್ತದ ಅಂತ ಹೇಳಾಕ ಆಗಂಗಿಲ್ಲ.”

ಅವಳು ತಲೆಯಾಡಿಸಿದಳು. ಅವನು ಜೇಬಿನಿಂದ ಹಾಳೆ ತೆಗೆದು ಕೊಟ್ಟ. ಅವಳು ನಿಂತಲ್ಲೇ ಓದಿದಳು. ಪ್ರತಿ ವಿಷಯದ ಅಂಕದ ಮೇಲೂ ಬೆರಳಿಟ್ಟು, ಅವಸರವಿಲ್ಲದೆ. ವಿಜ್ಞಾನದಲ್ಲಿ ಐವತ್ತಕ್ಕೆ ನಲವತ್ತೇಳು. ಓದಿ ಮುಗಿಸಿ ಹಾಳೆಯನ್ನು ತಂದೆಯ ಮುಂದೆ ಹಿಡಿದಳು.

“ಇದನ್ನ ನೀವೇ ಇಟ್ಟುಕೋರಿ ಅಪ್ಪಾ. ಈ ಮನ್ಯಾಗ ನಾ ಎಲ್ಲಿ ಇಡ್ಲಿ?”

ಅಷ್ಟರಲ್ಲಿ ದೌಲಪ್ಪ ಹೊಲದಿಂದ ಬಂದ. ಮಾವನನ್ನು ಕಂಡು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದ. ಕೂಸು ಅವನ ಕಡೆ ಕೈಚಾಚಿತು. ಜಯತೀರ್ಥನನ್ನು ತೋರಿಸಿ ಯಾರು ಎಂದು ಹೆಂಡತಿಯನ್ನು ಕೇಳಿದ.

“ಪರೀಕ್ಷಾದ ಆಫೀಸಿನವರು,” ಎಂದಳು ಶಿವಕಾಂತಮ್ಮ. “ನನ್ನ ಹೆಸರು ಬರೆಯೂದ್ರಾಗ ಏನೋ ತಪ್ಪಾಗಿತ್ತಂತ. ಸರಿ ಮಾಡಾಕ ಬಂದಿದ್ದರು.”

“ಹಂಗೇನ್ರಿ? ಊಟಾ ಮಾಡಿಕೊಂಡು ಹೋಗ್ರಿ ಮತ್ತ,” ಎಂದ ದೌಲಪ್ಪ ನಗುತ್ತ. ಅವನ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

ಉಣ್ಣದೆ ಹೊರಟರು. ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಅಣವೀರಪ್ಪ ಆ ಹಾಳೆಯನ್ನು ಕೈಯಲ್ಲೇ ಹಿಡಿದಿದ್ದ. “ನೀವು ಬರದಿದ್ರ ಚಲೋ ಇತ್ತು ಅನಸ್ತದ್ರಿ,” ಎಂದ. “ಬಂದಿರಿ, ಚಲೋನೂ ಆತು ಅನಸ್ತದ. ಯಾವುದು ಖರೆ, ನನಗ ತಿಳೀವಲ್ದು.” ಕಮಲಾಪುರದ ಬಸ್ಸು ಬಂತು. ಅವನು ಹತ್ತಲಿಲ್ಲ. ಮಗಳ ಮನೆಯ ದಾರಿ ಹಿಡಿದು ಸ್ವಲ್ಪ ದೂರ ನಡೆದ, ನಿಂತ, ಮತ್ತೆ ತಿರುಗಿ ಬಂದ. ಮುಂದಿನ ಬಸ್ಸಿಗೆ ಹೋದ.

ಜಯತೀರ್ಥ ಟ್ರಸ್ಟಿಗೆ ಎರಡು ಪುಟದ ಕಾಗದ ಬರೆದ. ತಪ್ಪು ತನ್ನದು, ಈ ಒಬ್ಬ ಹುಡುಗಿಗಾಗಿ ನಿಯಮ ಸಡಿಲಿಸಿರಿ ಎಂದು ಕೇಳಿಕೊಂಡ. ಒಂದೂವರೆ ತಿಂಗಳಿಗೆ ಮೂರು ಸಾಲಿನ ಉತ್ತರ ಬಂತು. ನಿಯಮ ಬದಲಿಸಲು ಬರುವುದಿಲ್ಲ, ಮುಂದಿನ ವರ್ಷದ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದಿತ್ತು. ಪಾಂಡುರಂಗರಾಯರು ಅವನ ಮೇಲೆ ಸಿಟ್ಟಾಗಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಕೆಲಸ ಬಿಟ್ಟ. ಸರಸ್ವತೀಬಾಯಿ ಕಾರಣ ಕೇಳಿದಾಗ ಹೇಳಿದ. ಆ ತಾಯಿ ಕೇಳಿ ಬಹಳ ಹೊತ್ತು ದೇವರ ಮನೆಯ ಮುಂದೆ ಕೂತಿದ್ದಳು. “ಆ ಹುಡುಗಿಗೆ ತಾಯಿ ಇದ್ದಾಳೇನೋ?” ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಅದನ್ನು ಅವನು ಕೇಳಿರಲೇ ಇಲ್ಲ.

ಜಾಹೇದಾ ಮತ್ತೊಮ್ಮೆ ಪರೀಕ್ಷೆ ಬರೆದು ಇಪ್ಪತ್ತೆರಡನೆಯವಳಾಗಿ ಸೀಟು ಪಡೆದಳು. ಕರೀಂಸಾಬ್ ತಾನೇ ಶಾಲೆಯ ತನಕ ಹೋಗಿ ಗೋಡೆಗೆ ಹಚ್ಚಿದ ಪಟ್ಟಿಯನ್ನು ಕಣ್ಣಾರೆ ನೋಡಿ ಬಂದನಂತೆ.

ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆಂದು ಕಮಲಾಪುರಕ್ಕೆ ಹೋದಾಗ ಜಯತೀರ್ಥ ಅಣವೀರಪ್ಪನ ಅಂಗಡಿಯ ಮುಂದೆ ಹಾದುಹೋಗಲಾರದೆ ನಿಂತ. ಅಣವೀರಪ್ಪ ಗುರುತು ಹಿಡಿದ. ಶಿವಕಾಂತಮ್ಮ ಹೇಗಿದ್ದಾರೆ ಎಂದು ಜಯತೀರ್ಥ ಕೇಳಿದ.

“ಚಲೋ ಅದಾಳ್ರಿ. ಕೂಸು ಶಾಲಿಗೆ ಹೋಗಾಕತ್ತದ. ಅಕಿನ ಅಕ್ಷರ ಕಲಿಸ್ಯಾಳ.”

“ನಿಮ್ಮ ಕೂಡ ಮಾತಾಡ್ತಾರೇನ್ರಿ ಈಗ?”

ಅಣವೀರಪ್ಪ ಗೊನೆಯೊಂದನ್ನು ಎತ್ತಿ ಗೋಣಿಯ ಮೇಲೆ ಮಲಗಿಸಿದ. “ಕೇಳಿದ್ದಕ್ಕ ಉತ್ತರ ಕೊಡ್ತಾಳ್ರಿ,” ಎಂದ.